ಚಾವಟಿ ಜೇಡ ಸಾಕಿದವರ ಮನೆಯಲ್ಲಿ

ಹಸುವನ್ನು ಕಟ್ಟಿದವನನ್ನು ಏಕೆ ಕಟ್ಟಿದೆಯೆಂದು ಯಾರೂ ಕೇಳುವುದಿಲ್ಲ. ಅದು ಹಾಲು ಕೊಡುತ್ತದೆ. ನಾಯಿ ಮನೆ ಕಾಯುತ್ತದೆ, ಬೆಕ್ಕು ಇಲಿ ಹಿಡಿಯುತ್ತದೆ, ಗಿಳಿ ಎರಡು ಮಾತು ಕಲಿತು ಬಂದ ನೆಂಟರನ್ನು ನಗಿಸುತ್ತದೆ. ಇವೊಂದನ್ನೂ ಮಾಡದ ಗಾಜಿನ ತೊಟ್ಟಿಯ ಮೀನು ಸಹ ಬಣ್ಣದಿಂದ ಕಣ್ಣನ್ನು ತಣಿಸುತ್ತದೆ. ಮನುಷ್ಯನು ಪ್ರಾಣಿಗಳಿಗೆ ಇಕ್ಕುವ ಅನ್ನದ ಹಿಂದೆ ಏನಾದರೊಂದು ಲೆಕ್ಕವಿದ್ದೇ ಇರುತ್ತದೆ. ಆದರೆ ಹಗಲೆಲ್ಲ ಮರದ ತೊಗಟೆಯ ಹಿಂದೆ ಅವಿತಿದ್ದು, ದೀಪ ಆರಿದ ಮೇಲೆ ಹೊರಬಂದು, ಒಡೆಯನನ್ನು ಕಂಡು ಬಾಲವಾಡಿಸಲು ಬಾಲವೂ ಇಲ್ಲದ, ಮುಟ್ಟಹೋದರೆ ಓಡಿಹೋಗುವ, ನೋಡಿದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೌಹಾರುವಂಥ ಒಂದು ಪ್ರಾಣಿಯನ್ನು ಹಣ ಕೊಟ್ಟು ತಂದು ಸಾಕುವವರನ್ನು ಏನೆನ್ನೋಣ? ಯೂರೋಪು, ಅಮೆರಿಕಗಳಲ್ಲಿ ಇಂಥ ಹವ್ಯಾಸಿಗಳು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ದೊಡ್ಡ ನಗರಗಳಲ್ಲಿಯೂ ಹೊರನಾಡಿನ ಪ್ರಾಣಿಗಳನ್ನು ಸಾಕುವ ಆಸೆ ಈಚೀಚೆಗೆ ಹಬ್ಬುತ್ತಿದೆ. ಆದುದರಿಂದ ಈ ಪ್ರಾಣಿಯ ವಿಷಯವಾಗಿಯೂ, ಇದನ್ನು ಸಾಕುವುದರ ಸರಿತಪ್ಪುಗಳ ವಿಷಯವಾಗಿಯೂ ನಾಲ್ಕು ಮಾತು ಹೇಳುವುದು ಅನುಚಿತವಾಗಲಾರದು.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ಇದನ್ನು ‘ವಿಪ್ ಸ್ಪೈಡರ್’ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ನಾನು ‘ಚಾವಟಿ ಜೇಡ’ ಎಂದು ಕರೆಯುತ್ತೇನೆ. ಹೆಸರಿನ ಎರಡು ಪದಗಳೂ ಕೇಳಿದವರನ್ನು ದಾರಿ ತಪ್ಪಿಸುವಂಥವೇ. ಇದು ಜೇಡವಲ್ಲ. ಇದಕ್ಕೆ ನೂಲು ತೆಗೆಯಲು ಬಾರದು, ಬಲೆ ನೇಯಲು ತಿಳಿಯದು; ಜೇಡನಿಗಿರುವ ವಿಷದ ಗ್ರಂಥಿಯೂ ಇಲ್ಲ. ‘ಬಾಲವಿಲ್ಲದ ಚಾವಟಿ ಚೇಳು’ ಎಂಬ ಇನ್ನೊಂದು ಹೆಸರು ಆ ಕಡೆ ರೂಢಿಯಲ್ಲಿದೆ; ಆದರೆ ಚೇಳಿನ ಕೊಂಡಿಯೂ ಇದಕ್ಕಿಲ್ಲ. ಜೇಡಕ್ಕೂ ಚೇಳಿಗೂ ದಾಯಾದಿ ಎನ್ನಬಹುದು, ಅಷ್ಟೆ. ೧೮೮೩ರಲ್ಲಿ ಸ್ವೀಡನ್ನಿನ ಪ್ರಾಣಿಶಾಸ್ತ್ರಜ್ಞ ಟೊರೆಲ್ ಈ ಗಣಕ್ಕೆ ‘ಆಂಬ್ಲಿಪೈಜಿ’ ಎಂದು ನಾಮಕರಣ ಮಾಡಿದ. ಗ್ರೀಕ್ ಮೂಲದ ಆ ಶಬ್ದಕ್ಕೆ ‘ಮೊಂಡು ಹಿಂಭಾಗದ್ದು’ ಎಂದು ಅರ್ಥ. ಶಾಸ್ತ್ರಜ್ಞರ ಹೆಸರಿನಲ್ಲಿ ಕಾವ್ಯವಿಲ್ಲದಿದ್ದರೂ ಸತ್ಯವಿದೆ.

ಇನ್ನು ಚಾವಟಿ. ಅದು ಹೊಡೆಯುವ ಸಾಧನವೆನ್ನುವುದಕ್ಕಿಂತ ಕುರುಡನ ಕೈಕೋಲು ಎಂದರೆ ಹೆಚ್ಚು ಸರಿ. ಎಂಟು ಕಾಲುಗಳ ಪೈಕಿ ಮುಂದಿನ ಎರಡು ನಡೆಯುವ ಕೆಲಸವನ್ನೇ ಬಿಟ್ಟು, ದಾರದಂತೆ ತೆಳ್ಳಗಾಗಿ, ಮೈಯುದ್ದದ ಹಲವು ಪಟ್ಟು ನೀಳವಾಗಿ ಬೆಳೆದಿವೆ. ಮುಟ್ಟಿ ತಿಳಿಯುವುದೂ ಮೂಸಿ ತಿಳಿಯುವುದೂ ಇವುಗಳಿಂದಲೇ. ಕಣ್ಣುಗಳು ಸಾಮಾನ್ಯವಾಗಿ ಎಂಟಿದ್ದರೂ ದೃಷ್ಟಿ ಅಷ್ಟಕ್ಕಷ್ಟೆ. ಬಾಯಿಯ ಇಕ್ಕೆಲಗಳಲ್ಲಿ ಮುಳ್ಳು ತುಂಬಿದ ಎರಡು ತೋಳುಗಳಿವೆ. ಬೇಟೆ ಬಂದಾಗ ಅವು ತಟಕ್ಕನೆ ಚಾಚಿ ಬಾಚಿಕೊಳ್ಳುತ್ತವೆ. ಮೈ ಚಪ್ಪಟೆ, ನಡಿಗೆ ಏಡಿಯಂತೆ ಅಡ್ಡಡ್ಡಲಾಗಿ. ದೊಡ್ಡ ಜಾತಿಗಳಲ್ಲಿಯೂ ದೇಹ ಹೆಬ್ಬೆರಳಿನ ಗಾತ್ರವನ್ನು ಮೀರುವುದು ಕಡಮೆ; ಆದರೆ ಚಾವಟಿಗಳನ್ನು ಎರಡೂ ಕಡೆಗೆ ಚಾಚಿದಾಗ ಅರ್ಧ ಮೀಟರಿಗೂ ಮಿಕ್ಕುವುದುಂಟು. ಇಷ್ಟೆಲ್ಲ ಭೀಕರ ಸಜ್ಜಿಕೆಯಿದ್ದೂ ಮನುಷ್ಯನಿಗೆ ಇದು ಮಾಡಬಲ್ಲ ಕೇಡು ಒಂದು ಮುಳ್ಳು ಚುಚ್ಚಿದಷ್ಟು. ಇದರ ವಂಶದ ಪಳೆಯುಳಿಕೆಗಳು ಮೂವತ್ತು ಕೋಟಿ ವರ್ಷಗಳಷ್ಟು ಹಳೆಯ ಶಿಲೆಗಳಲ್ಲಿ ದೊರೆತಿವೆ. ಇಂದು ಬದುಕಿರುವ ಜಾತಿಗಳು ಇನ್ನೂರಕ್ಕೂ ಹೆಚ್ಚು. ಬಹುಪಾಲು ಉಷ್ಣವಲಯದ ಕಾಡು, ಗುಹೆ, ಬಂಡೆಯ ಬಿರುಕುಗಳ ವಾಸಿಗಳು. ೨೦೦೫ರಲ್ಲಿ ತೆರೆಕಂಡ ಹ್ಯಾರಿ ಪಾಟರ್ ಚಿತ್ರದಲ್ಲಿ ಮಂತ್ರವಿದ್ಯೆಯ ಗುರು ತರಗತಿಯ ಮುಂದೆ ಶಾಪಗಳನ್ನು ಪ್ರಯೋಗಿಸಿ ತೋರಿಸಿದ್ದು ಇದೇ ರೂಪದ ಪ್ರಾಣಿಯ ಮೇಲೆ. ಲೋಕದ ಮಕ್ಕಳೆಲ್ಲ ಅಂದು ಇದನ್ನು ನೋಡಿದರು. ಹೆಸರನ್ನು ಕೇಳಿ ತಿಳಿದವರು ಕೆಲವರೇ ಇರಬೇಕು.

ನಾನು ಇದನ್ನು ಬಹಳ ಹತ್ತಿರದಿಂದ ಕಂಡದ್ದು ದಕ್ಷಿಣ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ. ಆ ಊರಿಗೂ ಚಾವಟಿ ಜೇಡಕ್ಕೂ ಒಂದು ನಂಟಿದೆ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಪೀಟರ್ ವೈಗೋಲ್ಟ್ ಅವರು ಈ ಪ್ರಾಣಿಗಳನ್ನು ದಶಕಗಳ ಕಾಲ ಪ್ರಯೋಗಶಾಲೆಯಲ್ಲಿ ಸಾಕಿ, ಅವುಗಳ ಪ್ರಣಯ, ಪ್ರಸವ, ಪೊರೆ ಕಳಚುವ ಬಗೆಗಳನ್ನೆಲ್ಲ ಕಂಡು, ೨೦೦೦ದಲ್ಲಿ ಒಂದು ಸಮಗ್ರ ಗ್ರಂಥವನ್ನು ಪ್ರಕಟಿಸಿದರು. ಈ ಗಣವನ್ನು ಕುರಿತು ಇಂದಿಗೂ ಯಾರು ಬರೆದರೂ ಮೊದಲು ತೆರೆಯುವುದು ಆ ಪುಸ್ತಕವನ್ನೇ. ನನಗೆ ಕೊಠಡಿಯನ್ನು ಬಾಡಿಗೆಗೆ ಕೊಟ್ಟವರು ಮಾತ್ರ ವಿದ್ವಾಂಸರಲ್ಲ. ನಿವೃತ್ತರಾದ ಶಾಲಾ ಉಪಾಧ್ಯಾಯರು. ಹೆಂಡತಿ ತೀರಿಕೊಂಡಿದ್ದರು, ಮಗಳು ದೂರದೂರಿನಲ್ಲಿದ್ದಳು. ಹಿಂದಿನ ಕೋಣೆಯ ಗೋಡೆಗೆ ಒರಗಿಸಿ ಎಂಟು ಗಾಜಿನ ಪೆಟ್ಟಿಗೆಗಳನ್ನು ಇಟ್ಟಿದ್ದರು. ಹೊರಗೆ ಹಿಮ ಬೀಳುತ್ತಿದ್ದರೆ ಆ ಕೋಣೆಯಲ್ಲಿ ಮಾತ್ರ ನಮ್ಮ ಕರಾವಳಿಯ ಶ್ರಾವಣ ಮಾಸ.

ಸಾಕುವ ಕ್ರಮವನ್ನು ಅವರು ನನಗೆ ಪಾಠ ಹೇಳಿದಂತೆಯೇ ವಿವರಿಸಿದರು. ಪೆಟ್ಟಿಗೆ ಅಗಲಕ್ಕಿಂತ ಎತ್ತರವಾಗಿರಬೇಕು. ತಳದಲ್ಲಿ ನಾಲ್ಕು ಬೆರಳು ದಪ್ಪ ತೆಂಗಿನ ನಾರಿನ ಹೊಟ್ಟು. ಅದು ಭಾರತದಿಂದಲೂ ಶ್ರೀಲಂಕೆಯಿಂದಲೂ ಇಟ್ಟಿಗೆಯ ಆಕಾರದಲ್ಲಿ ಬರುತ್ತದೆಂದು ಅವರು ಹೇಳಿದಾಗ, ಆ ದೂರದ ನಾಡಿನಲ್ಲಿ ಊರಿನ ಪರಿಚಯಸ್ಥರೊಬ್ಬರನ್ನು ಕಂಡಂತಾಯಿತು. ಹಿಂಗೋಡೆಗೆ ಕಾರ್ಕ್ ಮರದ ಒರಟು ತೊಗಟೆಯನ್ನು ಓರೆಯಾಗಿ ನಿಲ್ಲಿಸಬೇಕು. ಬೆಚ್ಚಗೆ ಇಪ್ಪತ್ತೈದು ಡಿಗ್ರಿಯ ಆಸುಪಾಸು. ಗೋಡೆಗೆ ದಿನವೂ ತುಂತುರು ನೀರು. ವಾರಕ್ಕೊಂದೆರಡು ಚಿಮ್ಮಂಡೆ ಹುಳು ಅಥವಾ ಜಿರಲೆ ಸಾಕು. ಬೆಳಕು ಬೇಡ, ಸದ್ದು ಬೇಡ, ಕೈಯಲ್ಲಿ ಎತ್ತಿ ಆಡಿಸುವುದಂತೂ ಬೇಡವೇ ಬೇಡ.

ಎತ್ತರವೇಕೆಂದು ನಾನು ಕೇಳಿದೆ. ಪ್ರಾಣಿಯ ಬದುಕೆಲ್ಲ ನಿಂತಿರುವುದು ಆ ಎತ್ತರದ ಮೇಲೆಯೇ. ಚಾವಟಿ ಜೇಡ ಬೆಳೆಯುವುದು ಪೊರೆ ಕಳಚಿ. ಪ್ರಾಯಕ್ಕೆ ಬಂದ ಮೇಲೂ ಕಳಚುವುದನ್ನು ನಿಲ್ಲಿಸುವುದಿಲ್ಲ. ಆ ಹೊತ್ತು ಬಂದಾಗ ಅದು ತೊಗಟೆಯ ಕೆಳಮೈಗೆ ಕಾಲೂರಿ ತಲೆಕೆಳಗಾಗಿ ತೂಗಿ, ಹಳೆಯ ಚರ್ಮದಿಂದ ಮೆಲ್ಲನೆ ಕೆಳಕ್ಕೆ ಜಾರಿ ಬರುತ್ತದೆ. ಆ ನೀಳ ಚಾವಟಿಗಳನ್ನು ಕೈಗವಸಿನಿಂದ ಬೆರಳು ತೆಗೆದಂತೆ ಒಂದಿಷ್ಟೂ ಮುರಿಯದೆ ಹೊರಗೆಳೆದುಕೊಳ್ಳಬೇಕು. ಕೆಳಗೆ ಬರಿದಾದ ಜಾಗ ಸಾಲದಿದ್ದರೆ ನೆಲಕ್ಕೆ ತಾಗಿ, ಮೆತ್ತಗಿನ ಮೈ ಸೊಟ್ಟಗಾಗಿ ಸಾಯುತ್ತದೆ. ಹೊಸ ಮೈ ಮೊದಲು ಬೆಳ್ಳಗೆ, ತುಸು ಹಸುರಾಗಿ, ಎಳೆಯ ಬಾಳೆಯ ಸುಳಿಯಂತಿದ್ದು ಗಂಟೆಗಳು ಕಳೆದಂತೆ ಗಟ್ಟಿಯಾಗಿ ಕಪ್ಪಾಗುತ್ತದೆ. ಹಿಂದೆಂದೋ ಮುರಿದ ಚಾವಟಿಯಿದ್ದರೆ ಈ ಸಂದರ್ಭದಲ್ಲಿಯೇ ಅದು ಮತ್ತೆ ಮೂಡುತ್ತದೆ. ಚೆಂದ ನೋಡಿ ಕೊಂಡುತಂದು, ಅಗಲವಾದ ತಗ್ಗು ಪೆಟ್ಟಿಗೆಯಲ್ಲಿಟ್ಟು, ಹೊಟ್ಟೆ ತುಂಬ ಉಣಿಸಿಯೂ ಕೊಂದವರು ಎಷ್ಟೋ ಮಂದಿಯೆಂದು ಉಪಾಧ್ಯಾಯರು ಹೇಳಿದರು.

“ಇವು ನಿಮ್ಮನ್ನು ಗುರುತಿಸುತ್ತವೆಯೇ?” ಎಂದೆ.

“ಇಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ಬಂದವರೆಲ್ಲ ನನ್ನ ಮುಖ ನೋಡುತ್ತಿದ್ದರು. ಇವಕ್ಕೆ ನನ್ನಿಂದ ಬೇಕಾದದ್ದು ಕತ್ತಲೆ, ತೇವ, ಒಂದು ಹುಳು. ಅಷ್ಟನ್ನು ತಪ್ಪದೆ ಒದಗಿಸುವುದು ನನಗೊಂದು ಕೆಲಸ” ಎಂದರು.

ಜನವರಿಯಲ್ಲಿ ಅವರು ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಮೂರು ವಾರ ಆಸ್ಪತ್ರೆಯಲ್ಲಿರಬೇಕಾಗಿ ಬಂದಿತು. ಪೆಟ್ಟಿಗೆಗಳ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತು. ಮೂರನೆಯ ಪೆಟ್ಟಿಗೆಯಲ್ಲಿದ್ದುದು ಟಾಂಜಾನಿಯದ ‘ಡೇಮನ್ ಡಯಡೀಮ’ ಎಂಬ ಜಾತಿಯ ಹೆಣ್ಣು. ಆಗ ಅದು ತತ್ತಿ ಹೊತ್ತಿತ್ತು. ಈ ಜೀವಿಗಳಲ್ಲಿ ತಾಯಿ ತತ್ತಿಗಳನ್ನು ಎಲ್ಲಿಯೂ ಇಡುವುದಿಲ್ಲ. ಹೊಟ್ಟೆಯ ಅಡಿಯಲ್ಲಿ ಒಂದು ತೆಳುವಾದ ಚೀಲ ಮಾಡಿಕೊಂಡು ತಿಂಗಳುಗಟ್ಟಲೆ ಹೊತ್ತೇ ತಿರುಗುತ್ತದೆ. ಗಾಳಿ ಒಣಗಿದರೆ ತತ್ತಿಗಳು ಸುಕ್ಕುತ್ತವೆ. ತೇವ ಅತಿಯಾದರೆ ಬೂಷ್ಟು ಹಿಡಿಯುತ್ತದೆ. ನನಗೆ ಬರೆದಿಟ್ಟ ಚೀಟಿಯಲ್ಲಿ ಮೂರನೆಯ ಪೆಟ್ಟಿಗೆಯ ಮುಂದೆ ಎರಡು ಗೆರೆ ಎಳೆದಿದ್ದರು: ‘ಬೆಳಿಗ್ಗೆ, ಸಂಜೆ. ಗೋಡೆಗೆ ಮಾತ್ರ. ತಾಯಿಯನ್ನು ಮುಟ್ಟಬೇಡಿ.’

ಹತ್ತು ದಿನ ಏನೂ ಆಗಲಿಲ್ಲ. ತಾಯಿ ಹುಳುವನ್ನು ಸಹ ಮುಟ್ಟದೆ ತೊಗಟೆಗೆ ಅಂಟಿಕೊಂಡೇ ಇತ್ತು. ಪರಕೀಯರ ಮನೆಯಲ್ಲಿ, ಪರಕೀಯ ಪ್ರಾಣಿಯೊಂದರ ಹೆರಿಗೆಗಾಗಿ ಬೆಳಿಗ್ಗೆ ಎದ್ದೊಡನೆ ಕಾತರದಿಂದ ಆ ಕೋಣೆಗೆ ಹೋಗುತ್ತಿದ್ದೆ. ಹನ್ನೊಂದನೆಯ ದಿನ ಕೆಂಪು ದೀಪದಲ್ಲಿ ನೋಡಿದಾಗ ತಾಯಿಯ ಬೆನ್ನು ಕಾಣಿಸಲಿಲ್ಲ. ಅಕ್ಕಿಯ ನುಚ್ಚಿನಂಥ ಬಿಳಿಯ ಮರಿಗಳು ಒಂದರ ಮೇಲೊಂದು ಒತ್ತಿಕೊಂಡು ಅದನ್ನು ಮುಚ್ಚಿದ್ದುವು. ಎಣಿಸಹೋದೆ, ಮೂವತ್ತರ ಆಚೆಗೆ ಲೆಕ್ಕ ಕಲಸಿಹೋಯಿತು. ಮೊದಲ ಪೊರೆ ಕಳಚುವವರೆಗೆ ಅವುಗಳಿಗೆ ಆ ಬೆನ್ನೇ ಪ್ರಪಂಚ. ಅದಕ್ಕೆ ಮುಂಚೆ ಜಾರಿದ ಮರಿ ಉಳಿಯುವುದಿಲ್ಲ. ಮಾರನೆಯ ದಿನ ಒಂದು ಕೆಳಗೆ ಬಿದ್ದಿತ್ತು. ನಾರಿನ ಹೊಟ್ಟಿನ ಮೇಲೆ ಕಾಲುಗಳನ್ನು ಮೆಲ್ಲಗೆ ಆಡಿಸುತ್ತಿತ್ತು. ಕುಂಚದ ತುದಿಯಿಂದ ಎತ್ತಿ ಮತ್ತೆ ತಾಯಿಯ ಮೇಲಿಡಬೇಕೆಂದು ಕೈ ಹಾತೊರೆಯಿತು. ಚೀಟಿಯ ಮಾತು ನೆನಪಾಗಿ ಸುಮ್ಮನಾದೆ. ಬೆದರಿದ ತಾಯಿ ಓಡಿದರೆ ಇನ್ನೆಷ್ಟು ಬೀಳುವುವೋ. ಸಂಜೆಯ ಹೊತ್ತಿಗೆ ಅದರ ಚಲನೆ ನಿಂತಿತು. ಉಳಿದವು ವಾರ ಕಳೆಯುವುದರೊಳಗೆ ಬೆನ್ನಿನ ಮೇಲೆಯೇ ಪೊರೆ ಕಳಚಿ, ಬಣ್ಣ ಬಂದು, ಸಾಸಿವೆಯಷ್ಟು ಮೈಗೆ ಎಳೆಯಷ್ಟು ಚಾವಟಿಗಳನ್ನು ಬೀಸುತ್ತ ಕೆಳಗಿಳಿದುವು.

ಇಳಿದ ಮೇಲೂ ದೂರ ಹೋಗಲಿಲ್ಲವೆಂಬುದು ನನಗೆ ಆಶ್ಚರ್ಯವಾಯಿತು. ತಾಯಿ ನಡುವೆ, ಮರಿಗಳು ಸುತ್ತ. ತಾಯಿ ತನ್ನ ಚಾವಟಿಯ ತುದಿಯಿಂದ ಒಂದಾದ ಮೇಲೊಂದನ್ನು ಸವರುತ್ತಿತ್ತು; ಮರಿಗಳು ತಮ್ಮತಮ್ಮಲ್ಲಿಯೇ ಸವರಿಕೊಳ್ಳುತ್ತಿದ್ದುವು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲಿಂಡಾ ರೇಯರ್ ಇದನ್ನೇ ಕ್ರಮವಾಗಿ ಅಭ್ಯಾಸ ಮಾಡಿ ೨೦೦೬ರಲ್ಲಿ ಪ್ರಕಟಿಸಿದ್ದರು. ಅವರು ನೋಡಿದ್ದು ಇದೇ ಟಾಂಜಾನಿಯದ ಜಾತಿಯನ್ನೂ ಫ್ಲಾರಿಡದ ಇನ್ನೊಂದು ಚಿಕ್ಕ ಜಾತಿಯನ್ನೂ. ಒಡಹುಟ್ಟಿದ ಮರಿಗಳನ್ನು ಬೇರ್ಪಡಿಸಿ ಹೊಸ ಜಾಗದಲ್ಲಿ ಅಲ್ಲಲ್ಲಿ ಬಿಟ್ಟರೆ ಅವು ಬೇಗನೆ ಮತ್ತೆ ಒಂದೆಡೆ ಕೂಡುತ್ತವೆಂದು ಅವರು ಕಂಡರು. ಒಂಟಿಯಾಗಿ ಬಾಳುವುದಕ್ಕೆ, ಒಂದನ್ನೊಂದು ತಿನ್ನುವುದಕ್ಕೆ ಹೆಸರಾದ ಅಷ್ಟಪಾದಿಗಳ ಕುಲದಲ್ಲಿ ಇಂಥ ಸಂಸಾರ ಅಪೂರ್ವ. ಇದನ್ನು ನಾವು ವಾತ್ಸಲ್ಯವೆನ್ನಬಹುದೋ ಬಾರದೋ ಎಂಬ ಜಿಜ್ಞಾಸೆ ಬೇರೆ. ಆದರೆ ಹೀಗೊಂದು ನಡವಳಿಕೆಯಿದೆಯೆಂದು ಲೋಕಕ್ಕೆ ಇಷ್ಟು ವಿವರವಾಗಿ ತಿಳಿದದ್ದು, ಯಾರೋ ತಾಳ್ಮೆಯುಳ್ಳವರು ಪೆಟ್ಟಿಗೆಯಲ್ಲಿಟ್ಟು ಸಾಕಿದುದರಿಂದ. ಹವ್ಯಾಸಿಯನ್ನು ಹಳಿಯುವ ಮೊದಲು ಈ ಮಾತನ್ನು ಒಪ್ಪಿಕೊಳ್ಳುವುದು ನ್ಯಾಯ.

ಉಪಾಧ್ಯಾಯರು ಊರುಗೋಲು ಹಿಡಿದು ಹಿಂದಿರುಗಿದ ದಿನ ಮೇಲಂಗಿಯನ್ನೂ ತೆಗೆಯದೆ ಮೂರನೆಯ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರು. ಬಹಳ ಹೊತ್ತಾದ ಮೇಲೆ, “ಈ ಮರಿಗಳು ಇಲ್ಲಿಯೇ ಹುಟ್ಟಿದವು. ಇವಕ್ಕೆ ಬೇರೆ ಊರು ಗೊತ್ತಿಲ್ಲ. ತಾಯಿಯ ಮಾತು ಹಾಗಲ್ಲ. ಇದನ್ನು ಮಾರಿದವನು ಕಾಡಿನಿಂದ ಬಂದದ್ದೆಂದೇ ಹೇಳಿದ. ಆ ಹೊತ್ತಿಗೆ ನಾನು ಬೆಲೆಯನ್ನಷ್ಟೇ ಕೇಳಿದೆ” ಎಂದರು.

ಆ ಮಾತಿನ ಭಾರ ತಿಳಿಯಬೇಕಾದರೆ ಈ ಪ್ರಾಣಿಯ ಇನ್ನೊಂದು ಗುಣವನ್ನು ಅರಿಯಬೇಕು. ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ಮಳೆಕಾಡಿನಲ್ಲಿ ಐಲೀನ್ ಹೆಬೆಟ್ಸ್, ವರ್ನರ್ ಬಿಂಗ್‌ಮನ್ ಮೊದಲಾದವರು ಚಾವಟಿ ಜೇಡಗಳನ್ನು ಅವು ವಾಸವಾಗಿದ್ದ ಮರದಿಂದ ಎತ್ತಿ, ಸುಮಾರು ಹತ್ತು ಮೀಟರು ದೂರ ಒಯ್ದು ಬಿಟ್ಟು ನೋಡಿದರು. ಹೆಬ್ಬೆರಳಿನಷ್ಟೂ ಇಲ್ಲದ ಜೀವಿಗೆ, ಕಗ್ಗತ್ತಲೆಯ ಕಾಡಿನ ತರಗೆಲೆ ಬೇರುಗಳ ನಡುವೆ ಹತ್ತು ಮೀಟರೆಂದರೆ ನಮಗೆ ಹಲವು ಊರುಗಳ ಹಾದಿ. ಆದರೂ ಬಹಳಷ್ಟು ಜೇಡಗಳು ತಮ್ಮ ಮರವನ್ನೇ ಹುಡುಕಿಕೊಂಡು ಬಂದುವು. ಕಣ್ಣು ಮರೆಮಾಡಿದರೂ ಬಂದುವು. ಚಾವಟಿಯ ತುದಿಯ ಘ್ರಾಣಶಕ್ತಿಯನ್ನು ಕಳೆದಾಗ ಮಾತ್ರ ದಾರಿ ಸಿಕ್ಕದೆ ಅಲೆದುವು. ಇವುಗಳ ಮಿದುಳಿನಲ್ಲಿ ನೆನಪು, ಕಲಿಕೆಗಳಿಗೆ ಸಂಬಂಧಿಸಿದ ಭಾಗವೊಂದು ಮೈಯ ಗಾತ್ರಕ್ಕೆ ಹೋಲಿಸಿದರೆ ಬಹಳ ದೊಡ್ಡದೆಂದು ಅಂಗರಚನೆಯನ್ನು ಬಲ್ಲವರು ಹೇಳುತ್ತಾರೆ. ಅಂದರೆ ಇದಕ್ಕೆ ತನ್ನದೆಂಬ ಒಂದು ಮರ, ಒಂದು ಬಿರುಕು ಉಂಟು. ಅಲ್ಲಿಗೆ ಮರಳುವ ದಾರಿಯ ನೆನಪುಂಟು. ಇಂಥ ಜೀವಿಯನ್ನು ಡಬ್ಬಿಯಲ್ಲಿ ತುಂಬಿ ಸಮುದ್ರದಾಚೆಗೆ ಕಳಿಸಿದಾಗ ನಾವು ಅದರಿಂದ ಕಿತ್ತುಕೊಂಡದ್ದೇನು? ಮನೆ ಎಂಬ ಮಾತು ಮನುಷ್ಯನದು, ನಿಜ. ಆದರೆ ಆ ಮಾತಿಗೆ ಇಷ್ಟು ಸಮೀಪದ ವಸ್ತು ಬೇರೆಯವರಲ್ಲಿಯೂ ಇರುವುದನ್ನು ಕಂಡ ಮೇಲೆ ಕಾಣದವರಂತೆ ಇರುವುದು ಕಷ್ಟ.

ಈ ವ್ಯಾಪಾರ ಸಣ್ಣದೇನೂ ಅಲ್ಲ. ಜರ್ಮನಿಯ ಹಾಮ್ ಪಟ್ಟಣದಲ್ಲಿ ಹಾವು, ಹಲ್ಲಿ, ಜೇಡಗಳಿಗಾಗಿ ವರ್ಷಕ್ಕೆ ಹಲವು ಬಾರಿ ನೆರೆಯುವ ಸಂತೆಗೆ ನಾನಾ ದೇಶದವರು ಬರುತ್ತಾರೆ. ಜಗತ್ತಿನಲ್ಲಿ ಜೇಡ, ಚೇಳು ಮತ್ತು ಅವುಗಳ ದಾಯಾದಿಗಳ ಸಾವಿರಕ್ಕೂ ಹೆಚ್ಚು ಜಾತಿಗಳು ಮಾರಾಟವಾಗುತ್ತಿವೆಯೆಂದೂ, ಅವುಗಳಲ್ಲಿ ತೀರ ಕೆಲವಕ್ಕೆ ಮಾತ್ರ ಅಂತರರಾಷ್ಟ್ರೀಯ ನಿಯಮಗಳ ಕಾವಲಿದೆಯೆಂದೂ ೨೦೨೨ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಿಳಿಸಿತು. ಹುಲಿಯ ಚರ್ಮ, ಆನೆಯ ದಂತ ಹೋದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ತೊಗಟೆಯ ಹಿಂದಿನ ಜೀವಿ ಒಂದು ಕಾಡಿನಿಂದ ಬರಿದಾಗಿ ಹೋದರೆ ಹೋಯಿತೆಂದು ಹೇಳುವವರು ಯಾರು? ನಿಧಾನವಾಗಿ ಬೆಳೆದು, ಒಂದು ಸೂಲಿಗೆ ಕೆಲವೇ ಡಜನು ಮರಿ ಹಾಕಿ, ವರ್ಷಗಟ್ಟಲೆ ಬಾಳುವ ಇಂಥ ಪ್ರಾಣಿಗೆ ತಾಯಿಯೊಂದು ಹೋದದ್ದು ಸಣ್ಣ ನಷ್ಟವಲ್ಲ.

ಇದೆಲ್ಲ ಆಫ್ರಿಕ, ಅಮೆರಿಕಗಳ ಮಾತಾಯಿತೆಂದು ಓದುಗರು ಭಾವಿಸಬಾರದು. ಚಾವಟಿ ಜೇಡ ನಮ್ಮದೂ ಹೌದು. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ ೧೮೯೪ರಲ್ಲಿ ‘ಫ್ರಿನಿಕಸ್ ಫಿಪ್ಸೋನಿ’ ಎಂಬ ಭಾರತೀಯ ಜಾತಿಯನ್ನು ವರ್ಣಿಸಿದ. ೧೯೦೦ದಲ್ಲಿ ಹೊರಬಂದ ಬ್ರಿಟಿಷ್ ಭಾರತದ ಪ್ರಾಣಿಸಂಕುಲ ಮಾಲೆಯ ಸಂಪುಟದಲ್ಲಿ ಚೇಳು ಜೇಡಗಳೊಂದಿಗೆ ಇವುಗಳಿಗೂ ಸ್ಥಾನ ಕೊಟ್ಟ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದ್ದು ಮುಂದೆ ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥನಾದ ಗ್ರೇವ್ಲಿ ಈ ಗಣವನ್ನು ಕುರಿತು ಶ್ರಮಿಸಿ ಬರೆದ. ಫಿಪ್ಸೋನಿ ಎಂಬ ಹೆಸರು ಬೊಂಬಾಯಿಯ ಪ್ರಕೃತಿಚರಿತ್ರೆಯ ಸಂಘದ ಕಾರ್ಯದರ್ಶಿಯಾಗಿದ್ದ ಫಿಪ್ಸನ್‌ನ ಸ್ಮರಣಾರ್ಥ. ಅದೇ ೧೮೯೪ರಲ್ಲಿ ಆ ಸಂಘದ ಕಚೇರಿಗೆ ವಿಲಿಯಮ್ ಎಂಬ ದೊಡ್ಡ ಮಂಗಟ್ಟೆ ಹಕ್ಕಿಯೊಂದು ಬಂದು, ೧೯೨೦ರವರೆಗೆ ಅಲ್ಲಿಯೇ ಸಾಕುಪ್ರಾಣಿಯಾಗಿ ಬಾಳಿ, ಸಂಘದ ಲಾಂಛನಕ್ಕೇ ಸ್ಫೂರ್ತಿಯಾಯಿತು. ಹಕ್ಕಿಯನ್ನು ಕಂಡವರೆಲ್ಲ ಹೆಸರಿಟ್ಟು ಕರೆದು ಮುದ್ದಿಸಿದರು. ಕಾರ್ಯದರ್ಶಿಯ ಹೆಸರನ್ನೇ ಹೊತ್ತ ಜೇಡವನ್ನು ಕೇಳಿದವರಿಲ್ಲ. ಅದರ ಪಾಲಿಗೆ ಅದೊಂದು ಪುಣ್ಯವೇ ಇರಬೇಕು.

ಹಾಗಾದರೆ ಸಾಕಬಾರದೆ? ಸಾಕಲೇಕೂಡದೆಂದು ನಾನು ಹೇಳಲಾರೆ; ಹಾಗೆ ಹೇಳಿದರೆ ವೈಗೋಲ್ಟ್ ಅವರ ಗ್ರಂಥವನ್ನೂ, ರೇಯರ್ ಅವರ ಅವಲೋಕನವನ್ನೂ, ಮೂರನೆಯ ಪೆಟ್ಟಿಗೆಯ ಮುಂದೆ ಕುಳಿತ ಆ ಮುದುಕರ ಏಕಾಗ್ರತೆಯನ್ನೂ ಅಲ್ಲಗಳೆದಂತಾಗುತ್ತದೆ. ಪೆಟ್ಟಿಗೆಯಲ್ಲಿಯೇ ಹುಟ್ಟಿದ ಮರಿಯನ್ನು, ಅದರ ಎತ್ತರ, ಕತ್ತಲೆ, ತೇವಗಳನ್ನು ಅರಿತು, ಹಲವು ವರ್ಷಗಳ ಹೊಣೆಯೆಂದು ತಿಳಿದು ಸಾಕುವವನಲ್ಲಿ ನನಗೆ ಜಗಳವಿಲ್ಲ. ಕಾಡಿನದನ್ನು ಕೊಳ್ಳುವವನಲ್ಲಿ ಇದೆ. ನಾಲ್ಕು ಜನರನ್ನು ಬೆಚ್ಚಿಬೀಳಿಸುವುದಕ್ಕೆಂದೇ ಕೊಳ್ಳುವವನಲ್ಲಿ ಇನ್ನೂ ಹೆಚ್ಚಾಗಿ ಇದೆ. ನಮ್ಮ ಅಭಯಾರಣ್ಯಗಳಿಂದಲೂ ರಾಷ್ಟ್ರೀಯ ಉದ್ಯಾನಗಳಿಂದಲೂ ಅಪ್ಪಣೆಯಿಲ್ಲದೆ ಯಾವ ವನ್ಯಜೀವಿಯನ್ನೂ ತರಕೂಡದೆಂದು ೧೯೭೨ರ ಕಾಯಿದೆ ಹೇಳುತ್ತದೆ. ಕಾಯಿದೆ ಮುಟ್ಟದ ಕಡೆಯೂ ಮನಸ್ಸಾಕ್ಷಿ ಮುಟ್ಟಬಹುದು.

ಕಳೆದ ಮಳೆಗಾಲದ ಕೊನೆಯಲ್ಲಿ ಕೆಲವು ವಿದ್ಯಾರ್ಥಿಗಳೊಡನೆ ಮಲೆನಾಡಿನ ಒಂದು ಹಳ್ಳಿಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ತೋಟದ ಹಳೆಯ ಕಲ್ಲುಗೋಡೆಯ ಮೇಲೆ ಬ್ಯಾಟರಿ ಬಿಟ್ಟಾಗ ಒಂದು ಬಿರುಕಿನಿಂದ ನೀಳವಾದ ಚಾವಟಿ ಮೆಲ್ಲನೆ ಹೊರಬಂದಿತು. ಅದರ ಜೊತೆಯದು ನಡುವೆಯೇ ಮುರಿದಿತ್ತು. ಹುಡುಗರು ಉಸಿರು ಬಿಗಿಹಿಡಿದು ನಿಂತರು. ಅವರಲ್ಲೊಬ್ಬ, “ಸಾರ್, ಬಾಟಲಿಗೆ ಹಾಕಿಕೊಳ್ಳೋಣವೇ? ಕಾಲೇಜಿನಲ್ಲಿ ಎಲ್ಲರಿಗೂ ತೋರಿಸಬಹುದು” ಎಂದ. ನಾನು ಜೇಬಿನಿಂದ ಸೀಮೆಸುಣ್ಣ ತೆಗೆದು ಅವನ ಕೈಗೆ ಕೊಟ್ಟು, ಆ ಬಿರುಕಿನ ಪಕ್ಕದ ಕಲ್ಲಿನ ಮೇಲೆ ಒಂದು ಗುರುತು ಮಾಡೆಂದೆ. ಮಾರನೆಯ ರಾತ್ರಿ ನಾನು ಹೊದ್ದು ಮಲಗಿದ್ದಾಗ ಅವನೇ ಒಬ್ಬನೇ ಹೋಗಿ ನೋಡಿ, ಮಳೆಯಲ್ಲಿ ನೆನೆದು ಓಡಿಬಂದ.

“ಸಾರ್, ಅಲ್ಲೇ ಇದೆ. ಅದೇ ಬಿರುಕು. ಅದೇ ಮುರಿದ ಚಾವಟಿ” ಎಂದ.